ಪರಮತವನ್ನು ಬೋಧಿಸಲು ಕಡಲು ದಾಟಿದ ಜೈನ ಪಂಡಿತ

ಶ್ರಾವಕರಿಗೆ ವಿಹಿತವಾದ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಆಹಾರ, ಔಷಧ, ಅಭಯ ದಾನಗಳಿಗೆ ಪಾತ್ರರಾದವರನ್ನು ಗುರುತಿಸುವುದು ಕಷ್ಟವಲ್ಲ. ಹಸಿದವನು, ರೋಗಿ, ಭಯಗೊಂಡವನು ತಾವಾಗಿಯೇ ಕಣ್ಣಿಗೆ ಬೀಳುತ್ತಾರೆ. ಆದರೆ ಶಾಸ್ತ್ರದಾನಕ್ಕೆ ಪಾತ್ರನು ಯಾರು? ಅವನು ನಮ್ಮ ಮತದವನೇ ಆಗಿರಬೇಕೆ? ನಮ್ಮ ಮತವನ್ನು ಒಪ್ಪುವವನೇ ಆಗಿರಬೇಕೆ? ಈ ಪ್ರಶ್ನೆ ನನ್ನಲ್ಲಿ ಮೂಡಿದ್ದು ಗ್ರಂಥ ಓದಿದ್ದರಿಂದಲ್ಲ, ನಾನು ಪಟ್ಟ ಒಂದು ನಾಚಿಕೆಯಿಂದ.

ಹಲವು ವರ್ಷಗಳ ಹಿಂದೆ, ಇಳಕಲ್ಲಿನಲ್ಲಿ ಸೀರೆಯ ಖರೀದಿ ಮುಗಿಸಿಕೊಂಡು ಬಂಧುಗಳೊಡನೆ ಬಾದಾಮಿಗೆ ಹೋಗಿದ್ದೆನು. ಅಲ್ಲಿಯ ನಾಲ್ಕನೆಯ ಗುಹೆಯಲ್ಲಿ ಪಾರ್ಶ್ವನಾಥ ಸ್ವಾಮಿಯ ಮತ್ತು ಬಾಹುಬಲಿಯ ಮೂರ್ತಿಗಳ ದರ್ಶನ ಮಾಡುತ್ತಿರುವಾಗ ವಿದೇಶೀ ಪ್ರವಾಸಿಯೊಬ್ಬರು ಗರ್ಭಗೃಹದ ಪದ್ಮಾಸನದ ಮೂರ್ತಿಯನ್ನು ತೋರಿಸಿ, ಇದು ಬುದ್ಧನೇ ಎಂದು ವಿನಯದಿಂದ ಕೇಳಿದರು. ಅಲ್ಲ, ಜಿನನೆಂದೆನು. ಹಾಗಾದರೆ ಇವರಿಬ್ಬರ ಬೋಧನೆಯಲ್ಲಿ ಭೇದವೇನು ಎಂದು ಅವರು ಮತ್ತೆ ಕೇಳಿದರು. ವಾಣಿಜ್ಯ ಪದವಿ ಪಡೆದು, ಲೆಕ್ಕಪತ್ರಗಳಲ್ಲಿಯೇ ಆಯುಷ್ಯ ಕಳೆದ ನನ್ನ ಬಳಿ ಉತ್ತರವಿರಲಿಲ್ಲ. ನಿತ್ಯವೂ ದೇವದರ್ಶನ ಮಾಡುವ ನಾನು ನನ್ನ ಧರ್ಮವನ್ನು ಅರಿಯೆ, ನೆರೆಯ ಧರ್ಮವನ್ನಂತೂ ಅರಿಯಲೇ ಇಲ್ಲ. ಆ ಉತ್ತರವನ್ನು ಅರಸುತ್ತ ಹೋದಾಗ ದೊರೆತದ್ದು ಕನ್ನಡ ನಾಡಿನಲ್ಲಿಯೇ ಹುಟ್ಟಿದ ಪ್ರೊ. ಪದ್ಮನಾಭ ಶ್ರೀವರ್ಮ ಜೈನಿಯವರ ಜೀವನಚರಿತ್ರೆ.

ಜೈನಿಯವರು 1923ರಲ್ಲಿ ಮೂಡಬಿದಿರೆಯ ಸಮೀಪದ ನೆಲ್ಲಿಕಾರಿನಲ್ಲಿ ದಿಗಂಬರ ಜೈನ ಕುಟುಂಬದಲ್ಲಿ ಜನಿಸಿದರು. ಮೂಡಬಿದಿರೆ ಎಂದೊಡನೆ ಧವಲಾದಿ ಸಿದ್ಧಾಂತ ಗ್ರಂಥಗಳ ತಾಡವೋಲೆಗಳು ನೆನಪಾಗುತ್ತವೆ. ಶತಮಾನಗಳ ಕಾಲ ಭಕ್ತರು ಅವುಗಳ ದರ್ಶನ ಮಾಡಿದರೇ ಹೊರತು ಓದಿದವರು ವಿರಳ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯವು ಆರಂಭವಾಗಿ, 1939ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕೆಯ ಸಂಪುಟಗಳು ಅಚ್ಚಾದವು. ಶಾಸ್ತ್ರವು ಪೆಟ್ಟಿಗೆಯಿಂದ ಹೊರಬರುತ್ತಿದ್ದ ಕಾಲದಲ್ಲಿಯೇ ಜೈನಿಯವರು ಬೆಳೆದರು. ಬಾಲ್ಯದಲ್ಲಿಯೇ ವಿದರ್ಭದ ಕಾರಂಜಾ ಗುರುಕುಲಕ್ಕೆ ಸೇರಿ ಸಂಸ್ಕೃತ, ಪ್ರಾಕೃತಗಳ ಅಭ್ಯಾಸ ಮಾಡಿದರು.

ಮುಂದೆ ಅವರು ತುಳಿದ ಹಾದಿಯು ಬೆರಗು ಹುಟ್ಟಿಸುವಂಥದು. ಪಾಲಿ ಭಾಷೆಯನ್ನೂ ಬೌದ್ಧಾಗಮವನ್ನೂ ಕಲಿಯಲು ಸಿಂಹಳ ದ್ವೀಪಕ್ಕೆ ಹೋಗಿ ಭಿಕ್ಷುಗಳ ಬಳಿ ಶಿಷ್ಯವೃತ್ತಿಯಲ್ಲಿದ್ದು, 1951ರಲ್ಲಿ ತ್ರಿಪಿಟಕಾಚಾರ್ಯ ಪದವಿಯನ್ನು ಸಂಪಾದಿಸಿದರು. ಆನಂತರ ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಪಾಲಿಯ ಅಧ್ಯಾಪಕರಾದರು. ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನಲ್ಲಿ ಪತ್ತೆಹಚ್ಚಿ ಛಾಯಾಚಿತ್ರ ತೆಗೆದು ತಂದಿದ್ದ ‘ಅಭಿಧರ್ಮದೀಪ’ ಎಂಬ ಬೌದ್ಧ ಗ್ರಂಥದ ಸಂಪಾದನೆಯ ಭಾರವು ಅವರದಾಯಿತು. ಅದು 1959ರಲ್ಲಿ ಪಾಟ್ನಾದಲ್ಲಿ ಪ್ರಕಟವಾಯಿತು.

1956ರಲ್ಲಿ ಅವರು ಲಂಡನ್ ವಿಶ್ವವಿದ್ಯಾನಿಲಯದ ಪೌರ್ವಾತ್ಯ ಮತ್ತು ಆಫ್ರಿಕನ್ ಅಧ್ಯಯನ ಸಂಸ್ಥೆಯನ್ನು ಅಧ್ಯಾಪಕರಾಗಿ ಸೇರಿದರು. ಅವರಿಗಿಂತ ಮೊದಲು, 1893ರಲ್ಲಿ, ವೀರಚಂದ ರಾಘವಜಿ ಗಾಂಧಿಯವರು ಜೈನಧರ್ಮದ ಪ್ರತಿನಿಧಿಯಾಗಿ ಚಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಹೋಗಿದ್ದರು. ವಾಹನವನ್ನೇರದ ಮುನಿಗಳು ಕಡಲು ದಾಟಲಾರರಾದ್ದರಿಂದ ಆಚಾರ್ಯ ಆತ್ಮಾರಾಮಜಿಯವರು ಶ್ರಾವಕರಾದ ಅವರನ್ನು ಕಳುಹಿಸಿದ್ದರು. ವೀರಚಂದರು ಹೋದದ್ದು ನಮ್ಮ ಧರ್ಮದ ವಕ್ತಾರರಾಗಿ. ಜೈನಿಯವರು ಹೋದದ್ದು ಬೇರೆ ಕಾರ್ಯಕ್ಕೆ. ಪರದೇಶದಲ್ಲಿ, ಪರಭಾಷೆಯಲ್ಲಿ ಅವರು ಬೋಧಿಸಬೇಕಾಗಿದ್ದುದು ಪರಮತದ ಆಗಮಭಾಷೆಯಾದ ಪಾಲಿಯನ್ನು.

ಈ ಕಾರ್ಯದ ಕಾಠಿಣ್ಯವನ್ನು ವಾಚಕರು ವಿಚಾರಿಸಬೇಕು. ಪಾಲಿ ತ್ರಿಪಿಟಕದಲ್ಲಿ ಭಗವಾನ್ ಮಹಾವೀರರು ‘ನಿಗಂಠ ನಾಟಪುತ್ತ’ ಎಂಬ ಹೆಸರಿನಿಂದ ಬರುತ್ತಾರೆ. ಮಜ್ಝಿಮನಿಕಾಯದ ಉಪಾಲಿ ಸುತ್ತದಲ್ಲಿ ಅವರ ಶ್ರಾವಕನಾದ ಉಪಾಲಿಯು ಬುದ್ಧನೊಡನೆ ವಾದಕ್ಕೆ ಹೋಗುತ್ತಾನೆ. ಪಾಪಕ್ಕೆ ಮುಖ್ಯ ಕಾರಣವು ಕಾಯದ ಕ್ರಿಯೆಯೋ ಮನಸ್ಸಿನ ಕ್ರಿಯೆಯೋ ಎಂಬುದು ಚರ್ಚೆ. ಕೊನೆಗೆ ಉಪಾಲಿಯು ಸೋತು ಬುದ್ಧನ ಉಪಾಸಕನಾಗುತ್ತಾನೆ. ನಿಗ್ರಂಥರಿಗೆ ಕೊಡುತ್ತಿದ್ದ ಭಿಕ್ಷೆಯನ್ನು ನಿಲ್ಲಿಸಬೇಡವೆಂದು ಬುದ್ಧನೇ ಅವನಿಗೆ ಹೇಳುತ್ತಾನೆ. ಪಾಲಿಯನ್ನು ಕಲಿಸುವವನು ಇಂಥ ಪಾಠಗಳನ್ನು ಹಾರಿಸಿಹೋಗುವಂತಿಲ್ಲ. ತನ್ನ ತೀರ್ಥಂಕರನಿಗೆ ಸೋಲಾಯಿತೆಂದು ಹೇಳುವ ಪುಟವನ್ನು ದ್ವೇಷವಿಲ್ಲದೆ, ತಿದ್ದದೆ, ಮರೆಮಾಚದೆ ವಿವರಿಸುವುದು ಎಂಥ ಸಂಯಮ! ನಮ್ಮ ಆಗಮದಲ್ಲಿ ಕರ್ಮವು ಜೀವಕ್ಕೆ ಅಂಟುವ ಪುದ್ಗಲ. ಬೌದ್ಧರಲ್ಲಿ ಚೇತನೆಯೇ, ಅಂದರೆ ಸಂಕಲ್ಪವೇ ಕರ್ಮ. ನಾವು ನಿತ್ಯನಾದ ಜೀವನನ್ನು ಒಪ್ಪುತ್ತೇವೆ, ಅವರು ಅನಾತ್ಮವಾದಿಗಳು. ಬಾದಾಮಿಯಲ್ಲಿ ನಾನು ಕೊಡಲಾರದೆ ಹೋದ ಉತ್ತರವಿದು. ಎರಡು ಪಕ್ಷಗಳನ್ನೂ ಅವರವರ ಮಾತಿನಲ್ಲಿಯೇ ಅರಿತವನು ಮಾತ್ರ ಇದನ್ನು ನ್ಯಾಯವಾಗಿ ಹೇಳಬಲ್ಲನು.

ನಾನು ವ್ಯಾಪಾರಿಯಾದುದರಿಂದ ನನಗೆ ತೋಚುವ ದೃಷ್ಟಾಂತವೂ ಅಂಗಡಿಯದೇ. ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು ಹೇಳುತ್ತದೆ. ಕೊಳ್ಳುವಾಗ ಹೆಚ್ಚಿನ ಅಳತೆ, ಕೊಡುವಾಗ ಕಡಿಮೆಯ ಅಳತೆ ಬಳಸುವುದು ಕಳ್ಳತನಕ್ಕೆ ಸಮಾನ. ಅಂಗಡಿಯಲ್ಲಿ ಈ ದೋಷವನ್ನು ತೊರೆದ ನಾವು ಮತವಿಚಾರದಲ್ಲಿ ಎರಡು ತಕ್ಕಡಿಗಳನ್ನು ಇಟ್ಟುಕೊಂಡಿಲ್ಲವೆ? ನಮ್ಮ ಶಾಸ್ತ್ರವನ್ನು ತೂಗಲು ಒಂದು, ಪರರ ಶಾಸ್ತ್ರವನ್ನು ತೂಗಲು ಇನ್ನೊಂದು. ಜೈನಿಯವರು ಎರಡಕ್ಕೂ ಒಂದೇ ತಕ್ಕಡಿಯನ್ನು ಬಳಸಿದರು. ಅನೇಕಾಂತವೆಂಬುದು ಭಾಷಣದ ಅಲಂಕಾರವಲ್ಲ, ಅದೊಂದು ವ್ರತವೆಂಬುದನ್ನು ಅವರ ವೃತ್ತಿಯೇ ತೋರಿಸಿತು.

ಇದರ ಫಲವೇನೆಂದು ನೋಡಿರಿ. 1967ರಲ್ಲಿ ಅವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯಕ್ಕೂ, 1972ರಲ್ಲಿ ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೂ ಹೋಗಿ, 1994ರಲ್ಲಿ ನಿವೃತ್ತರಾದರು. 1979ರಲ್ಲಿ ಜೈನರ ವಿಶುದ್ಧಿಮಾರ್ಗವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ ‘ದಿ ಜೈನ ಪಾಥ್ ಆಫ್ ಪ್ಯೂರಿಫಿಕೇಶನ್’ ಪ್ರಕಟವಾಯಿತು. ಸಮ್ಯಗ್ದರ್ಶನದಿಂದ ಮೊದಲ್ಗೊಂಡು ಶ್ರಾವಕರ ವ್ರತ, ಪ್ರತಿಮೆಗಳು, ಮುನಿಮಾರ್ಗ ಇವೆಲ್ಲವನ್ನೂ ಅದು ಕ್ರಮವಾಗಿ ತಿಳಿಸುತ್ತದೆ. ಪರಮತವನ್ನು ನಿಷ್ಪಕ್ಷಪಾತವಾಗಿ ಬೋಧಿಸಿದವನು ಸ್ವಮತವನ್ನು ಕುರಿತು ಬರೆದಾಗ ವಿದ್ವಾಂಸರು ನಂಬಿ ಓದಿದರು.

ಅವರ ತಕ್ಕಡಿಯು ಮನೆಯ ಒಳಗೂ ಬದಲಾಗಲಿಲ್ಲ. ಸ್ತ್ರೀಗೆ ಆ ಜನ್ಮದಲ್ಲಿಯೇ ಮೋಕ್ಷವುಂಟೆ ಎಂಬ ದಿಗಂಬರ-ಶ್ವೇತಾಂಬರ ವಿವಾದದ ಮೂಲಗ್ರಂಥಗಳನ್ನು ಅವರು 1991ರಲ್ಲಿ ಅನುವಾದಿಸಿ ಪ್ರಕಟಿಸಿದರು. ಕುಂದಕುಂದಾಚಾರ್ಯರ ನಿಷೇಧವೂ ಅದರಲ್ಲಿದೆ, ಸ್ತ್ರೀಮೋಕ್ಷವನ್ನು ಸಮರ್ಥಿಸಿದ ಯಾಪನೀಯ ಸಂಘದ ಶಾಕಟಾಯನನ ವಾದವೂ ಇದೆ. ಈ ಶಾಕಟಾಯನನು ರಾಷ್ಟ್ರಕೂಟ ಅಮೋಘವರ್ಷನ ಕಾಲದವನು, ನಮ್ಮ ನೆಲಕ್ಕೆ ಸೇರಿದವನು. ದಿಗಂಬರ ಕುಲದಲ್ಲಿ ಹುಟ್ಟಿಯೂ ಜೈನಿಯವರು ಎದುರು ಪಕ್ಷದ ಯುಕ್ತಿಗಳಿಗೆ ಸಮನಾದ ಸ್ಥಾನ ಕೊಟ್ಟರು. 2021ರಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ, ಅವರು ದೇಹತ್ಯಾಗ ಮಾಡಿದರು.

ಹುನಗುಂದ ಸೀಮೆಯ ಐಹೊಳೆಗೆ ನಾವೆಲ್ಲರೂ ಹೋಗಿದ್ದೇವೆ. ಮೇಗುಟಿ ಬೆಟ್ಟದ ಮೇಲೆ ಕವಿ ರವಿಕೀರ್ತಿಯು ಶಕ 556ರಲ್ಲಿ, ಎಂದರೆ ಕ್ರಿ. ಶ. 634ರಲ್ಲಿ ಕಟ್ಟಿಸಿದ ಜಿನಾಲಯವಿದೆ. ಅದೇ ಬೆಟ್ಟದಲ್ಲಿ, ಸ್ವಲ್ಪ ಕೆಳಗೆ, ಎರಡಂತಸ್ತಿನ ಬೌದ್ಧ ಆಲಯವೂ ಇದೆ. ನಾವು ಅದರ ಪಕ್ಕದಲ್ಲಿಯೇ ಹತ್ತಿ ಇಳಿಯುತ್ತೇವೆ, ಒಳಗೆ ನೋಡುವವರು ಎಷ್ಟು ಜನ? ರವಿಕೀರ್ತಿಯು ಜಿನಭಕ್ತನಾಗಿದ್ದೂ ಕಾಳಿದಾಸ, ಭಾರವಿಗಳ ಕೀರ್ತಿಯನ್ನೇ ತನಗೆ ಅಳತೆಗೋಲಾಗಿ ಇಟ್ಟುಕೊಂಡನು. ಅವನಿಗಿದ್ದ ಆ ವಿಶಾಲತೆ ನಮ್ಮಲ್ಲಿ ಏಕೆ ಕುಗ್ಗಿತು?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ಒಂದು ಬಿನ್ನಹ. ಅಮೃತಶಿಲೆಗೆ, ಶಿಖರಕ್ಕೆ, ಉತ್ಸವಕ್ಕೆ ವೆಚ್ಚ ಮಾಡಿರಿ, ಅದು ಬೇಡವೆನ್ನಲಾರೆನು. ಆದರೆ ವರ್ಷದ ಜಮಾಖರ್ಚಿನಲ್ಲಿ ಒಂದು ಸಾಲನ್ನು ಒಬ್ಬ ವಿದ್ಯಾರ್ಥಿಗಾಗಿ ಬಿಡಿರಿ. ಅವನು, ಅಥವಾ ಅವಳು, ಪ್ರಾಕೃತವನ್ನು ಕಲಿಯಲಿ, ಜೊತೆಗೆ ಪಾಲಿಯನ್ನೂ ಕಲಿಯಲಿ. ನಾಳೆ ಬಾದಾಮಿಯ ಗುಹೆಯಲ್ಲಿ ಪರದೇಶದವರೊಬ್ಬರು ಮತ್ತೆ ಅದೇ ಪ್ರಶ್ನೆಯನ್ನು ಕೇಳಿದಾಗ, ನಮ್ಮವರು ತಲೆ ತಗ್ಗಿಸದೆ, ಬುದ್ಧನನ್ನು ಹೀಗಳೆಯದೆ, ಜಿನನ ಮಾರ್ಗವನ್ನು ವಿವರಿಸುವಂತಾಗಲಿ. ಅಂದು ನಮ್ಮ ಶಾಸ್ತ್ರದಾನವು ಸಾರ್ಥಕವಾಗುವುದು.