ಟ್ಯಾಂಕಿನಿಂದ ಹ್ಯಾಮ್ ಮೇಜಿಗೆ: 19ನೇ ನಂಬರ್ ಸೆಟ್

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಟ್ಯಾಂಕು, ಲಾರಿಗಳಲ್ಲಿ ಕೂರಿಸುತ್ತಿದ್ದ ವೈರ್‌ಲೆಸ್ ಸೆಟ್ ಮಾದರಿಯಿದು. ಯುದ್ಧ ಮುಗಿದ ಮೇಲೆ ಹೆಚ್ಚುವರಿ ಸಾಮಾನಾಗಿ ಮಾರಾಟಕ್ಕೆ ಬಂದು, ಹೊಸದನ್ನು ಕೊಳ್ಳಲಾಗದ ಹವ್ಯಾಸಿ ರೇಡಿಯೋದವರ, ಅಂದರೆ ಹ್ಯಾಮ್‌ಗಳ, ಕೈಸೇರಿತು.

ಕೆನಡಾದಲ್ಲಿ ತಯಾರಾದ ಹಲವು ಸೆಟ್‌ಗಳ ಮುಂಬದಿಯಲ್ಲಿ ಇಂಗ್ಲಿಷಿನ ಜತೆ ರಷ್ಯನ್ ಅಕ್ಷರಗಳೂ ಇರುತ್ತವೆ. ಸೋವಿಯತ್ ಸೇನೆಗೂ ಕಳುಹಿಸಲೆಂದು ಹಾಗೆ ಬರೆಸಿದ್ದರು. 12 ವೋಲ್ಟ್ ಬ್ಯಾಟರಿಯಿಂದ ಡೈನಮೋಟರ್, ಅಂದರೆ ವೋಲ್ಟೇಜ್ ಏರಿಸುವ ಮೋಟಾರು-ಜನರೇಟರ್, ತಿರುಗಿ, ಪ್ರಸಾರದ 807 ವಾಲ್ವಿಗೆ ಬೇಕಾದ ನೂರಾರು ವೋಲ್ಟ್ ಒದಗಿಸುತ್ತದೆ.

ಹಂಪಿಯ ಬಂಡೆಗುಡ್ಡ, ಸಂಡೂರಿನ ಬೆಟ್ಟಸಾಲು ನೇರ ಸಾಗುವ ವಿಎಚ್‌ಎಫ್ (ಅತಿ ಹೆಚ್ಚು ಆವರ್ತನದ) ಅಲೆಗಳಿಗೆ ಅಡ್ಡಗೋಡೆ. ಆದರೆ ಈ ಸೆಟ್‌ನ 2ರಿಂದ 8 ಮೆಗಾಹರ್ಟ್ಸ್ ವ್ಯಾಪ್ತಿಯಲ್ಲಿ ಹ್ಯಾಮ್‌ಗಳ 7 ಮೆಗಾಹರ್ಟ್ಸ್ ಬ್ಯಾಂಡೂ ಸೇರಿದೆ. ಆ ಅಲೆಗಳು ಮೇಲಿನ ಅಯಾನುಗೋಳಕ್ಕೆ ತಾಗಿ ಕೆಳಗಿಳಿಯುವುದರಿಂದ, ಹಗಲಿನಲ್ಲಿ ಹೊಸಪೇಟೆ, ಕಂಪ್ಲಿಯ ಮಾತು ಬೆಂಗಳೂರಿಗೂ ಮುಟ್ಟಬಲ್ಲದು. ಪ್ರಸಾರ ಮಾಡಲು ಮಾತ್ರ ಕೇಂದ್ರ ಸರ್ಕಾರದ ಪರವಾನಗಿ ಬೇಕೇ ಬೇಕು.