ತಲಪಾಡಿ ಗೇಟ್ ಮತ್ತು ‘ತಾತ್ಕಾಲಿಕ’ ಎಂಬ ಮಾತು

2022ರ ನವೆಂಬರ್ 19ರ ಸಂಜೆ ನಾಗುರಿಯಲ್ಲಿ ಓಡುತ್ತಿದ್ದ ಆಟೋದೊಳಗೆ ಕುಕ್ಕರ್ ಸ್ಫೋಟಿಸಿತು. ನಮ್ಮ ಕುಲಶೇಖರಕ್ಕೆ ಅದು ಹತ್ತಿರದ ಜಾಗ. ಚಾಲಕ, ಪ್ರಯಾಣಿಕ ಇಬ್ಬರಿಗೂ ಸುಟ್ಟ ಗಾಯಗಳಾದವು. ಇದು ಆಕಸ್ಮಿಕವಲ್ಲ, ಭಯೋತ್ಪಾದಕ ಕೃತ್ಯ ಎಂದು ಮರುದಿನ ರಾಜ್ಯದ ಪೊಲೀಸ್ ಮುಖ್ಯಸ್ಥರು ಹೇಳಿದರು. ಅಂಗಡಿ ಜಗಲಿಯಲ್ಲಿ ನಾನು ಕೇಳಿದ ಮೊದಲ ಮಾತು: “ಮೊದಲು ತಲಪಾಡಿ ಬಂದ್ ಮಾಡ್ಬೇಕು ಮಾರಾಯ್ರೆ.”

ಹೆದರಿದವರ ಮಾತು ಅದು, ತಪ್ಪು ಹಿಡಿಯಲಾರೆ. ಆದರೆ ಪೊಲೀಸರ ಪ್ರಕಾರ ಆರೋಪಿ ತೀರ್ಥಹಳ್ಳಿ ಕಡೆಯವನು. ಬೇರೆಯವರ ಆಧಾರ್ ಕಾರ್ಡ್ ತೋರಿಸಿ ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ, ಆ ದಿನ ಅಲ್ಲಿಂದಲೇ ಬಸ್ಸಿನಲ್ಲಿ ಬಂದಿದ್ದ. 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಬಾಂಬಿನ ಬ್ಯಾಗ್ ಇಟ್ಟವನೂ ಉಡುಪಿ ಕಡೆಯವನೇ. ತಲಪಾಡಿ ಮುಚ್ಚಿದ್ದರೆ ಇಬ್ಬರಲ್ಲಿ ಯಾರು ಸಿಕ್ಕಿಬೀಳುತ್ತಿದ್ದರು?

ಅಷ್ಟಕ್ಕೂ ತಲಪಾಡಿ ಗಡಿಯಾದದ್ದು 1956ರ ನವೆಂಬರ್ 1ರಂದು. ಕುಲಶೇಖರದ ಹೋಲಿ ಕ್ರಾಸ್ ಚರ್ಚ್ 1873ರದ್ದು. ಆಗ ಚಂದ್ರಗಿರಿ ಹೊಳೆಯಾಚೆಗೂ ದಕ್ಷಿಣ ಕನ್ನಡವೇ, ಮದ್ರಾಸ್ ಸರಕಾರದ ಒಂದೇ ಜಿಲ್ಲೆ. ಗೆರೆ ಎಳೆದ ಮೇಲೂ ಕಾಸರಗೋಡಿನವರ ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಎಲ್ಲ ಮಂಗಳೂರಿನಲ್ಲೇ.

ಆ ಗೇಟ್ ನಿಜವಾಗಿ ಮುಚ್ಚಿದ್ದು ಭಯೋತ್ಪಾದನೆಗಲ್ಲ, ಕೊರೊನಾಕ್ಕೆ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಆಂಬುಲೆನ್ಸ್‌ಗಳು ತಲಪಾಡಿಯಿಂದ ವಾಪಸಾದವು, ಚಿಕಿತ್ಸೆ ಸಿಗದೆ ಜನ ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತುರ್ತು ಚಿಕಿತ್ಸೆಗೆ ಹೋಗುವವರಿಗಾಗಿ ಹೆದ್ದಾರಿಯ ತಡೆ ತೆಗೆಸಿ ಎಂದು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಏಪ್ರಿಲ್ 7ರಂದು ರೋಗಿಗಳನ್ನು ಬಿಡುವ ಒಪ್ಪಂದವಾಯಿತು. ಸೋಂಕಿನ ಭಯ ಸುಳ್ಳಲ್ಲ, ಕಾಸರಗೋಡಿನಲ್ಲಿ ಪ್ರಕರಣ ಏರುತ್ತಿತ್ತು. ತಪಾಸಣೆ ಮಾಡಿ ಬಿಡಬಹುದಿತ್ತು, ಅದನ್ನು ಒಪ್ಪಲು ಎರಡು ವಾರ ಬೇಕಾಯಿತು.

ಸಂವಿಧಾನದ 19ನೇ ವಿಧಿ ದೇಶದೆಲ್ಲೆಡೆ ಓಡಾಡುವ ಹಕ್ಕು ಕೊಡುತ್ತದೆ. ಸಾರ್ವಜನಿಕ ಹಿತಕ್ಕಾಗಿ ಅದನ್ನು ತಡೆಯಲೂಬಹುದು, ಆದರೆ ತಡೆ ‘ಸಮಂಜಸ’ವಾಗಿರಬೇಕು. ಇಂಥ ಕಾರು, ಇಂಥ ಮನುಷ್ಯ ಎಂಬ ಖಚಿತ ಸುಳಿವಿದ್ದಾಗ ನಾಲ್ಕು ದಿನ ಪ್ರತಿ ಡಿಕ್ಕಿ ತೆರೆಸಿ ನೋಡಲಿ, ಕ್ಯೂ ನಿಲ್ಲಲು ನಾನೂ ತಯಾರು. ನನ್ನ ತಕರಾರು ‘ತಾತ್ಕಾಲಿಕ’ ಎಂಬ ಪದದ ಬಗ್ಗೆ.

ಫ್ರಾನ್ಸ್ ನೋಡಿ. ಷೆಂಗೆನ್ ಒಪ್ಪಂದದಂತೆ 1995ರಿಂದ ಯುರೋಪಿನ ಹಲವು ದೇಶಗಳ ನಡುವೆ ಗಡಿ ತಪಾಸಣೆ ಇರಲಿಲ್ಲ. ಹವಾಮಾನ ಸಮ್ಮೇಳನದ ಭದ್ರತೆಗೆಂದು 2015ರ ನವೆಂಬರ್‌ನಲ್ಲಿ ಫ್ರಾನ್ಸ್ ತಪಾಸಣೆ ಶುರು ಮಾಡಿತು. ಅದೇ 13ರ ರಾತ್ರಿ ಪ್ಯಾರಿಸ್‌ನಲ್ಲಿ ದಾಳಿಯಾಗಿ 130 ಜನ ಸತ್ತರು. ಆಗ ತಪಾಸಣೆ ಬೇಡ ಎನ್ನುವವರು ಯಾರು? ಆದರೆ ಆ ತಾತ್ಕಾಲಿಕ ತಪಾಸಣೆ ಆರಾರು ತಿಂಗಳಿಗೆ ನವೀಕರಣವಾಗುತ್ತ ವರ್ಷಗಟ್ಟಲೆ ಬೆಳೆಯಿತು. 2022ರ ಏಪ್ರಿಲ್‌ನಲ್ಲಿ ಯುರೋಪಿನ ನ್ಯಾಯಾಲಯ ಆಸ್ಟ್ರಿಯಾದ ಪ್ರಕರಣವೊಂದರಲ್ಲಿ, ಹೊಸ ಅಪಾಯ ತೋರಿಸದೆ ಆರು ತಿಂಗಳು ದಾಟಿಸುವಂತಿಲ್ಲ ಎಂದಿತು. ಫ್ರಾನ್ಸ್ ಪ್ರತಿ ಸಲ ಹೊಸ ಕಾರಣ ಕೊಟ್ಟು ಮುಂದುವರಿಸಿತು.

2020ರ ಆ ದಿನಗಳಲ್ಲಿ ಮಂಜೇಶ್ವರದ ನಮ್ಮ ಸಂಬಂಧಿಕರೊಬ್ಬರು ಫೋನ್ ಮಾಡಿದ್ದರು. ಮನೆಯಲ್ಲಿ ವಾರಕ್ಕೆರಡು ಸಲ ಡಯಾಲಿಸಿಸ್ ಬೇಕಾದವರಿದ್ದರು. “ನೀವು ಪೇಪರಿನವರಲ್ವಾ, ಗೇಟ್ ಯಾವತ್ತು ತೆಗೀತಾರೆ?” ಎಂದು ಕೇಳಿದರು. ಎರಡು ಕಡೆಯ ಅಧಿಕಾರಿಗಳನ್ನೂ ವಿಚಾರಿಸಿದೆ. ಹೇಳಲು ಒಂದು ತಾರೀಕು ಸಿಗಲಿಲ್ಲ.