ಎರಡು ಎಂಜಿನ್ ಇದ್ದರೆ ಹುಲ್ಲಿನ ರನ್‌ವೇಯಲ್ಲೂ ಭಯವಿಲ್ಲವೇ? ಮಲೆನಾಡಿಗೆ ಯಾವ ಸಣ್ಣ ವಿಮಾನ ಸರಿ?

ಕೇಳಿಬರುವ ಮಾತು: "ಕಾಫಿ ಎಸ್ಟೇಟ್ ಪಕ್ಕದ ಹುಲ್ಲು ಮೈದಾನವನ್ನು ಸಮ ಮಾಡಿದರೆ ಸಾಕು, ಸಣ್ಣ ವಿಮಾನ ಇಳಿಸಬಹುದು. ಎರಡು ಎಂಜಿನ್ ಇರುವುದನ್ನೇ ತನ್ನಿ. ಒಂದು ಕೆಟ್ಟರೂ ಇನ್ನೊಂದು ಮೇಲೆತ್ತುತ್ತದೆ."

ನಿಜ ಏನು: ಅರ್ಧ ಸತ್ಯ. ಎತ್ತರದಲ್ಲಿ ಹಾರುತ್ತಿರುವಾಗ ಎರಡನೇ ಎಂಜಿನ್ ಪ್ರಾಣ ಉಳಿಸಬಹುದು. ಆದರೆ ಗಿಡ್ಡ ಹುಲ್ಲಿನ ರನ್‌ವೇಯಿಂದ ಏಳುವ ಮೊದಲ ಒಂದು ನಿಮಿಷದಲ್ಲಿ ಅದೇ ಎಂಜಿನ್ ವಿಮಾನವನ್ನು ಮಗುಚಿ ಬೀಳಿಸಲೂಬಹುದು.

ಈ ಆಸೆ ಏಕೆ ಹುಟ್ಟುತ್ತದೆ ಎಂಬುದು ಮಲೆನಾಡಿನವರಿಗೆ ಗೊತ್ತು. ಹೊರನಾಡು, ಕಳಸದಿಂದ ಹೃದಯಾಘಾತದ ರೋಗಿಯನ್ನು ಮಣಿಪಾಲಕ್ಕೋ ಮಂಗಳೂರಿಗೋ ಸೇರಿಸಬೇಕಾದರೆ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಆ ದಾರಿಯೂ ಇಲ್ಲ. ಹಾಗಾಗಿ ಈ ಮಾತನ್ನು ತಮಾಷೆ ಎಂದು ತಳ್ಳಿಹಾಕದೆ ಲೆಕ್ಕ ಹಾಕಿ ನೋಡೋಣ.

ಒಂದು ಎಂಜಿನ್ ನಿಂತರೆ ಅರ್ಧ ಶಕ್ತಿ ಮಾತ್ರ ಹೋಗುವುದೇ?

ಶಕ್ತಿ ಅರ್ಧ ಹೋಗುತ್ತದೆ, ನಿಜ. ಆದರೆ ಮೇಲೇರುವ ಸಾಮರ್ಥ್ಯ ಶೇ. 80ಕ್ಕೂ ಹೆಚ್ಚು ಹೋಗುತ್ತದೆ. ಒಂದು ಉದಾಹರಣೆ ನೋಡಿ. ಎರಡು ಎಂಜಿನ್ ಸೇರಿ 400 ಕುದುರೆಶಕ್ತಿ ಎಂದುಕೊಳ್ಳಿ. ಕೆಳಗಿಳಿಯದೆ ಸಮನಾಗಿ ಹಾರಲು 170 ಬೇಕು. ಉಳಿದ 230 ಮೇಲೇರಲು ಸಿಗುತ್ತದೆ. ಒಂದು ಎಂಜಿನ್ ನಿಂತರೆ ಇರುವುದು 200. ಅದರಲ್ಲಿ 170 ಕಳೆದರೆ ಮೇಲೇರಲು ಉಳಿಯುವುದು ಬರೀ 30. ನಿಂತ ಎಂಜಿನ್ನಿನ ಪ್ರೊಪೆಲ್ಲರ್ ಗಾಳಿಗೆ ಅಡ್ಡ ನಿಂತು ಅದರಲ್ಲೂ ಪಾಲು ತಿನ್ನುತ್ತದೆ.

ಅಮೆರಿಕದ ಹಳೆಯ ಪ್ರಮಾಣಪತ್ರ ನಿಯಮದಲ್ಲಿ, ತೂಕ 2,722 ಕೆ.ಜಿ. ಮೀರದ ಮತ್ತು ಸ್ಟಾಲ್ ವೇಗ 61 ನಾಟ್ ಮೀರದ ಅವಳಿ ಎಂಜಿನ್ ವಿಮಾನ ಒಂದೇ ಎಂಜಿನ್ನಿನಲ್ಲಿ ಮೇಲೇರಲೇಬೇಕು ಎಂಬ ಷರತ್ತೇ ಇರಲಿಲ್ಲ. ಎಷ್ಟು ಏರುತ್ತದೆ ಅಥವಾ ಎಷ್ಟು ಇಳಿಯುತ್ತದೆ ಎಂದು ಅಳೆದು ಬರೆದಿಟ್ಟರೆ ಸಾಕಿತ್ತು.

ಒಂದೇ ಎಂಜಿನ್ನಿನಲ್ಲಿ 90 ನಾಟ್ ವೇಗದಲ್ಲಿ ನಿಮಿಷಕ್ಕೆ 100 ಅಡಿ ಏರಿದರೂ, ಒಂದು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ಏರುವುದು ಸುಮಾರು 11 ಮೀಟರ್. ಎಸ್ಟೇಟಿನ ಸಿಲ್ವರ್ ಓಕ್ ಮರ ಅದಕ್ಕಿಂತ ಎತ್ತರ. ಹೊರನಾಡು ಇರುವುದು ಸಮುದ್ರಮಟ್ಟದಿಂದ ಸುಮಾರು 830 ಮೀಟರ್ ಎತ್ತರದಲ್ಲಿ. ಅದರ ಆಸುಪಾಸಿನ ಕುದುರೆಮುಖ ಶಿಖರ 1,890 ಮೀಟರ್ ದಾಟುತ್ತದೆ.

ಮಗುಚುವ ಅಪಾಯ ಎಲ್ಲಿಂದ?

ಬಲ ರೆಕ್ಕೆಯ ಎಂಜಿನ್ ಪೂರ್ತಿ ಎಳೆಯುತ್ತಿದ್ದು ಎಡದ್ದು ನಿಂತರೆ, ಮೂತಿ ಎಡಕ್ಕೆ ತಿರುಗುತ್ತದೆ. ಪೈಲಟ್ ಬಾಲದ ಚುಕ್ಕಾಣಿಯಿಂದ ಅದನ್ನು ತಡೆಯಬೇಕು. ಚುಕ್ಕಾಣಿಗೆ ಬಲ ಬರುವುದು ಎದುರುಗಾಳಿಯಿಂದ, ಅಂದರೆ ವೇಗದಿಂದ. ಒಂದು ಕನಿಷ್ಠ ವೇಗಕ್ಕಿಂತ ಕೆಳಗೆ ಚುಕ್ಕಾಣಿ ಸೋಲುತ್ತದೆ. ಆಗ ವಿಮಾನ ಸತ್ತ ಎಂಜಿನ್ನಿನ ಕಡೆಗೆ ಉರುಳುತ್ತದೆ.

ಹುಲ್ಲಿನ ರನ್‌ವೇಯ ಸಮಸ್ಯೆ ಇಲ್ಲೇ ಇದೆ. ಹುಲ್ಲು ಚಕ್ರವನ್ನು ಹಿಡಿಯುವುದರಿಂದ ಪೈಲಟ್ ಬೇಗ ನೆಲ ಬಿಡಲು ನೋಡುತ್ತಾನೆ. ಬೇಗ ಎದ್ದರೆ ವೇಗ ಕಡಿಮೆ. ಆ ಕೆಲವೇ ಸೆಕೆಂಡುಗಳಲ್ಲಿ ಒಂದು ಎಂಜಿನ್ ನಿಂತರೆ, ಚಾಲೂ ಇರುವ ಎಂಜಿನ್ನಿನ ಶಕ್ತಿಯನ್ನೂ ಇಳಿಸಿ ನೇರವಾಗಿ ಕೆಳಗಿಳಿಯುವುದೇ ಕ್ಷೇಮ. ಭಾರತದಲ್ಲಿ ಅವಳಿ ಎಂಜಿನ್ ವಿಮಾನ ಹಾರಿಸಲು ಪೈಲಟ್‌ಗೆ ಪ್ರತ್ಯೇಕ ತರಬೇತಿ ಮತ್ತು ಅನುಮತಿ ಕಡ್ಡಾಯವಾಗಿರುವುದು ಇದಕ್ಕೇ.

ಬಿಡದಿಯ ಪಾಠ

ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ರೂಪಿಸಿದ 14 ಆಸನಗಳ ಅವಳಿ ಎಂಜಿನ್ ವಿಮಾನ 'ಸರಸ್' 2004ರ ಮೇ 29ರಂದು ಮೊದಲ ಬಾರಿ ಹಾರಿತು. 2009ರ ಮಾರ್ಚ್ 6ರಂದು ಅದರ ಎರಡನೇ ಮಾದರಿ ಬಿಡದಿ ಬಳಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಆ ದಿನ ನಡೆಯುತ್ತಿದ್ದುದು ಹಾರಾಟದಲ್ಲೇ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ. ಮರುಚಾಲನೆಗೆ ಅನುಸರಿಸಿದ ಕ್ರಮವೇ ತಪ್ಪಾಗಿತ್ತು, ಅದಕ್ಕೆ ಬೇಕಾದಷ್ಟು ಎತ್ತರವೂ ಇರಲಿಲ್ಲ ಎಂದು ತನಿಖೆ ಹೇಳಿತು. ನುರಿತ ಪರೀಕ್ಷಾ ಪೈಲಟ್‌ಗಳಿಗೂ ಎತ್ತರ ಸಾಲದಿದ್ದರೆ ಎರಡನೇ ಎಂಜಿನ್ ಒಂದೇ ಗ್ಯಾರಂಟಿಯಾಗದು.

ಹೊರನಾಡಿನಂಥ ಕಡೆ ರನ್‌ವೇ ಎಷ್ಟು ಉದ್ದ ಬೇಕು?

ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಸಣ್ಣ ವಿಮಾನಗಳಿಗೆ ಒಂದು ಸುಲಭ ಲೆಕ್ಕ ಕೊಟ್ಟಿದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಡಾಂಬರಿನ ಮೇಲೆ ಎದ್ದು 50 ಅಡಿ ಎತ್ತರ ದಾಟಲು 500 ಮೀಟರ್ ಬೇಕಾಗುವ ವಿಮಾನವನ್ನು ತೆಗೆದುಕೊಳ್ಳಿ.

• ಪ್ರತಿ 1,000 ಅಡಿ ಎತ್ತರಕ್ಕೆ ಶೇ. 10 ಹೆಚ್ಚು. ಹೊರನಾಡು ಸುಮಾರು 2,700 ಅಡಿ: 635 ಮೀಟರ್.
• ಪ್ರತಿ 10 ಡಿಗ್ರಿ ಸೆಕೆಗೆ ಶೇ. 10 ಹೆಚ್ಚು. ಆ ಎತ್ತರದ ಲೆಕ್ಕದ ಉಷ್ಣತೆ ಸುಮಾರು 10 ಡಿಗ್ರಿ; ಏಪ್ರಿಲ್ ಮಧ್ಯಾಹ್ನ 30 ಇದ್ದರೆ: ಸುಮಾರು 770 ಮೀಟರ್.
• ಒಣ ಹುಲ್ಲಿಗೆ ಶೇ. 20 ಹೆಚ್ಚು: ಸುಮಾರು 920 ಮೀಟರ್.
• ಮುನ್ನೆಚ್ಚರಿಕೆಗೆ ಮೂರನೇ ಒಂದು ಪಾಲು ಹೆಚ್ಚು: ಸುಮಾರು 1,225 ಮೀಟರ್.

500 ಮೀಟರ್ ಎಂದು ಪುಸ್ತಕದಲ್ಲಿ ಬರೆದದ್ದು ಎರಡೂವರೆ ಪಟ್ಟು ಆಯಿತು. ಇದೂ ನೆಲ ಸಮತಟ್ಟಾಗಿದ್ದು ಎರಡೂ ಎಂಜಿನ್ ಸರಿಯಿದ್ದರೆ ಮಾತ್ರ. ಹುಲ್ಲು ಒದ್ದೆಯಾದರೆ ಶೇ. 20ರ ಬದಲು 30. ನೆಲ ಮೆತ್ತಗಾದರೆ ಇನ್ನೂ ಶೇ. 25 ಅಥವಾ ಅದಕ್ಕಿಂತ ಹೆಚ್ಚು. ಇಳಿಯುವಾಗ ಒದ್ದೆ ಹುಲ್ಲಿನಲ್ಲಿ ಬ್ರೇಕ್ ಹಿಡಿಯದೆ ಶೇ. 35 ಹೆಚ್ಚು ಜಾಗ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಹುಲ್ಲು ಒಣಗುವ ದಿನ ಎಷ್ಟು ಎಂಬುದನ್ನು ಅಲ್ಲಿಯವರೇ ಹೇಳಬಲ್ಲರು.

ಆದರೂ ಆರಿಸುವುದಾದರೆ ಏನು ನೋಡಬೇಕು?

• ರೆಕ್ಕೆ ಮೇಲಿರಲಿ. ಎಂಜಿನ್ ರೆಕ್ಕೆಗೆ ಅಂಟಿರುತ್ತದೆ. ರೆಕ್ಕೆ ಮೇಲಿದ್ದರೆ ಪ್ರೊಪೆಲ್ಲರ್ ನೆಲದಿಂದ ದೂರ ಇದ್ದು ಕಲ್ಲು, ಹುಲ್ಲು ಬಡಿಯುವುದು ಕಡಿಮೆ.
• ಚಕ್ರ ದಪ್ಪ, ಕಾಲು ಗಟ್ಟಿ ಇರಲಿ. ಮಡಚದ ಚಕ್ರವಾದರೆ ಕೆಸರು ಸಿಕ್ಕಿಕೊಳ್ಳುವ ತಲೆನೋವಿಲ್ಲ.
• ಕಡಿಮೆ ವೇಗದಲ್ಲಿ ಏಳುವಂತಿರಲಿ, ಒಂದೇ ಎಂಜಿನ್ನಿನಲ್ಲಿ ಹಿಡಿತ ತಪ್ಪುವ ವೇಗವೂ ಕಡಿಮೆ ಇರಲಿ.
• ಒಂದೇ ಎಂಜಿನ್ನಿನಲ್ಲಿ ಏರುವ ವೇಗವನ್ನು ನಿಮ್ಮ ಊರಿನ ಎತ್ತರ, ಸೆಕೆ ಮತ್ತು ತುಂಬಿದ ತೂಕಕ್ಕೆ ನೋಡಿ, ಜಾಹೀರಾತಿನ ಅಂಕಿಗಲ್ಲ.

ಈ ಗುಣಗಳಿಗೆ ಹೆಸರಾದದ್ದು ಬ್ರಿಟನ್-ನಾರ್ಮನ್ ಐಲ್ಯಾಂಡರ್. 1965ರಲ್ಲಿ ಮೊದಲು ಹಾರಿದ ಇದು ನಮ್ಮ ನೌಕಾಪಡೆಯಲ್ಲೂ ಕೊಚ್ಚಿಯಿಂದ ಸೇವೆ ಸಲ್ಲಿಸಿದೆ. ಇನ್ನೂ ಹಗುರದ್ದು ಇಟಲಿಯ ಟೆಕ್ನಾಮ್ ಪಿ2006ಟಿ. ರೆಕ್ಕೆ ಮೇಲಿದೆ, ಆದರೆ ಚಕ್ರ ಮಡಚುತ್ತದೆ; ಎಂಜಿನ್ ತಲಾ 100 ಕುದುರೆಶಕ್ತಿಯದು ಮಾತ್ರ. ದೊಡ್ಡದು ಬೇಕಿದ್ದರೆ ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುವ 19 ಆಸನಗಳ ಡಾರ್ನಿಯರ್ 228 ಇದೆ. 2022ರ ಏಪ್ರಿಲ್‌ನಲ್ಲಿ ಅಲಯನ್ಸ್ ಏರ್ ಇದನ್ನು ಅರುಣಾಚಲದ ಪಾಸಿಘಾಟ್ ಸೇವೆಗೆ ಬಳಸಲು ಆರಂಭಿಸಿತು. ಇದರ ಟರ್ಬೊಪ್ರಾಪ್ ಎಂಜಿನ್ ಬಲವಾದದ್ದು, ಬೆಲೆಯೂ ಹಾಗೆಯೇ.

ಇಂಧನವನ್ನೂ ಮರೆಯಬೇಡಿ. ಹೆಚ್ಚಿನ ಪಿಸ್ಟನ್ ಎಂಜಿನ್‌ಗಳಿಗೆ ಬೇಕಾದ 'ಅವ್‌ಗ್ಯಾಸ್' ಎಲ್ಲ ವಿಮಾನ ನಿಲ್ದಾಣದಲ್ಲೂ ಸಿಗುವುದಿಲ್ಲ. ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲನ್ನು ತಯಾರಕರ ಅನುಮತಿಯಿಲ್ಲದೆ ಹಾಕುವಂತಿಲ್ಲ.

ಹಾಗಾದರೆ ಎರಡನೇ ಎಂಜಿನ್ ದಂಡವೇ?

ಅಲ್ಲ. ಪಶ್ಚಿಮಘಟ್ಟದ ಕಾಡಿನ ಮೇಲೆ 9,000 ಅಡಿಯಲ್ಲಿ ಹಾರುತ್ತಿರುವಾಗ ಒಂದು ನಿಂತರೆ, ಇನ್ನೊಂದು ವಿಮಾನವನ್ನು ನಿಧಾನವಾಗಿ ಮಾತ್ರ ಇಳಿಯಗೊಟ್ಟು ಮಂಗಳೂರಿನ ಡಾಂಬರು ರನ್‌ವೇ ತಲುಪಲು ಸಮಯ ಕೊಡುತ್ತದೆ. ಒಂಟಿ ಎಂಜಿನ್ನಿನ ವಿಮಾನಕ್ಕೆ ಆಗ ಕೆಳಗಿರುವ ಕಾಡೇ ಗತಿ.

ಆದರೆ ರೋಗಿಯನ್ನು ಸಾಗಿಸುವುದೇ ಉದ್ದೇಶವಾದರೆ, ಹೊರನಾಡಿನಂಥ ಕಣಿವೆಗೆ ಹೆಲಿಕಾಪ್ಟರ್ ಹೆಚ್ಚು ಸರಿ. ಒಂದೂಕಾಲು ಕಿಲೋಮೀಟರ್ ಸಮತಟ್ಟು ನೆಲ, ಅದರ ಎರಡೂ ತುದಿಯಲ್ಲಿ ಮರವಿಲ್ಲದ ಬಯಲು, ದನ ಮತ್ತು ಕಾಟಿ ನುಗ್ಗದಂತೆ ಬೇಲಿ, ಇವನ್ನು ಹೊಂದಿಸುವುದಕ್ಕಿಂತ ಒಂದು ಹೆಲಿಪ್ಯಾಡ್ ಸುಲಭ. ಮಂಜು ಕವಿದರೆ ಮಾತ್ರ ಎರಡೂ ನೆಲದಲ್ಲೇ. ಆಂಬುಲೆನ್ಸ್ ಮತ್ತು ಘಾಟಿ ರಸ್ತೆ ಸುಸ್ಥಿತಿಯಲ್ಲಿ ಇರಲೇಬೇಕು.

ಫಾರ್ವರ್ಡ್ ಮಾಡುವ ಮುನ್ನ: ಹುಲ್ಲಿನ ಮೇಲೆ ವಿಮಾನ ಸಲೀಸಾಗಿ ಏಳುವ ವಿಡಿಯೊ ಬಂದರೆ ಮೂರು ಪ್ರಶ್ನೆ ಕೇಳಿ. ಆ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರ? ಹುಲ್ಲು ಒಣಗಿತ್ತೋ, ಒದ್ದೆಯಿತ್ತೋ? ವಿಮಾನದಲ್ಲಿ ಪೈಲಟ್ ಒಬ್ಬನೇ ಇದ್ದನೋ, ತುಂಬಿತ್ತೋ? ಉತ್ತರ ಇಲ್ಲದಿದ್ದರೆ ಆ ವಿಡಿಯೊದಿಂದ ನಮ್ಮೂರಿನ ಬಗ್ಗೆ ಏನೂ ತಿಳಿಯುವುದಿಲ್ಲ.